ಮೂರನೇ ಅಧ್ಯಾಯದಲ್ಲಿ ಸತ್ತ ಅಮ್ಮ

ನಾನು ಬರೆದಿರುವುದು ಒಂದೇ ಒಂದು ಪುಸ್ತಕ. ಹನ್ನೆರಡು ಹದಿಮೂರು ವರ್ಷದ ಮಕ್ಕಳು ಓದಲಿ ಎಂದು ಬರೆದ ಸಣ್ಣ ಕಾದಂಬರಿ. ಅದರ ಮೂರನೇ ಅಧ್ಯಾಯದಲ್ಲಿ ನಾಯಕಿಯ ತಾಯಿ ಜ್ವರ ಬಂದು ತೀರಿಕೊಳ್ಳುತ್ತಾಳೆ. ಹಿಂದಿನ ರಟ್ಟಿನ ಮೇಲೆ ‘ಲೇಖಕಿಯ ಸ್ವಂತ ಬದುಕಿನ ನಿಜವಾದ ಕತೆ’ ಎಂದು ದಪ್ಪ ಅಕ್ಷರದಲ್ಲಿ ಅಚ್ಚಾಗಿದೆ. ನಮ್ಮಮ್ಮ ಬದುಕಿದ್ದಾಳೆ. ನಾನು ಈ ಸಾಲು ಬರೆಯುತ್ತಿರುವ ಹೊತ್ತಿಗೆ ಮುಳಬಾಗಿಲಿನ ಆಚೆ ಹೆದ್ದಾರಿ ಪಕ್ಕದ ಮಂಡಿಯಲ್ಲಿ ಕೂತು ಟೊಮೆಟೊ ಆರಿಸುತ್ತಿದ್ದಾಳೆ. ಹಣ್ಣು ಒಂದು ಕಡೆ, ದೋರೆಗಾಯಿ ಒಂದು ಕಡೆ, ಒಡೆದದ್ದು ಇನ್ನೊಂದು ಕಡೆ. ಸಂಬಳ ಬರುವ ಮಗಳಿದ್ದೀನಿ, ಇನ್ನು ಸಾಕು ಬಿಡಮ್ಮ ಅಂದರೆ ಕೇಳುವುದಿಲ್ಲ. “ಮನೇಲಿ ಕೂತ್ಕೊಂಡು ಯಾರ ಮುಖ ನೋಡ್ಲಿ? ಗೋಡೆ ಏನಾದ್ರೂ ನನ್ ಜೊತೆ ಜಗಳಕ್ಕೆ ಬರ್ತದಾ?” ಅನ್ನುತ್ತಾಳೆ.

ನಮ್ಮ ವಂಶದಲ್ಲಿ ಡಿಗ್ರಿ ಮಾಡಿದ ಮೊದಲನೆಯವಳು ನಾನು. ಇದನ್ನು ಯಾರ ಎದುರಿಗಾದರೂ ತಲೆ ಎತ್ತಿಕೊಂಡೇ ಹೇಳುತ್ತೇನೆ, ಕೇಳದಿದ್ದರೂ ಹೇಳುತ್ತೇನೆ. ನಂಗಲಿ ಪಕ್ಕದ ಹಳ್ಳಿ ನಮ್ಮದು. ಊರಾಚೆ ಎರಡು ಹೆಜ್ಜೆ ಹಾಕಿದರೆ ಆಂಧ್ರ. ಆ ಕಡೆಯ ಎಷ್ಟೋ ಮನೆಗಳಂತೆ ನಮ್ಮ ಮನೆಯ ಮಾತೂ ತೆಲುಗೇ. ಬೀದಿಗೆ ಬಂದರೆ ಎರಡೂ ಕಲಸಿದ ಮಾತು. ಕನ್ನಡ ನನಗೆ ಶಾಲೆ ಕೊಟ್ಟದ್ದು, ನಾನು ಅದನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಕೋಲಾರದಲ್ಲಿ ಕನ್ನಡ ಐಚ್ಛಿಕ ತೆಗೆದುಕೊಂಡು ಬಿ.ಎ. ಮಾಡಿದೆ, ಆಮೇಲೆ ಬಿ.ಎಡ್. ಮಾಡಿದೆ. ಈಗ ಶ್ರೀನಿವಾಸಪುರ ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಕನ್ನಡ ಟೀಚರು. ಮನೆ ಮುಳಬಾಗಿಲಿನಲ್ಲಿ. ದಿನಾ ಬಸ್ಸು.

ಮಕ್ಕಳ ಪುಸ್ತಕದ ಹುಚ್ಚು ಹತ್ತಿದ್ದು ಮಾಲೂರಿನಲ್ಲಿ, ನನ್ನ ಮೊದಲ ಕೆಲಸದಲ್ಲಿ. ಇಟ್ಟಿಗೆ ಗೂಡುಗಳಲ್ಲಿ ದುಡಿಯುವವರ ಮಕ್ಕಳು ಆ ತರಗತಿಯಲ್ಲಿ ಬಹಳ ಇದ್ದರು. ಕತೆ ಓದಿ ಮುಗಿಸಿ, ವಾಡಿಕೆಯಂತೆ ಬೋರ್ಡಿನ ಮೇಲೆ ‘ನೀತಿ’ ಅಂತ ಬರೆದು ಕೆಳಗೆ ಗೆರೆ ಎಳೆಯುತ್ತಿದ್ದೆ. ಅವರು ಅದನ್ನು ಕಾಪಿ ಮಾಡಿಕೊಳ್ಳುತ್ತಿದ್ದರು. ಒಂದು ದಿನ ಒಬ್ಬ ಹುಡುಗ ಎದ್ದು ನಿಂತು, “ಮಿಸ್, ನೀತಿ ಒಂದ್ನೇ ಬರ್ಕೊಂಡ್ರೆ ಸಾಕಾ? ಕತೆ ಯಾಕೆ ಓದ್ಬೇಕು ಮತ್ತೆ?” ಅಂದ. ಸೋಮಾರಿತನಕ್ಕೆ ಕೇಳಿದನೋ ನಿಜವಾಗಿಯೇ ಕೇಳಿದನೋ ಗೊತ್ತಿಲ್ಲ. ಆವತ್ತಿನಿಂದ ನೀತಿ ಬರೆಯುವುದನ್ನು ಬಿಟ್ಟೆ. ಬದಲಿಗೆ ಚೀಟಿ ಶುರು ಮಾಡಿದೆ. ಪುಸ್ತಕ ಓದಿದ ಮೇಲೆ ಪ್ರತಿಯೊಬ್ಬರೂ ಒಂದು ಪ್ರಶ್ನೆ ಬರೆದು ಬಿಸ್ಕತ್ತಿನ ಡಬ್ಬಕ್ಕೆ ಹಾಕಬೇಕು. ಹೆಸರು ಬರೆಯಬಾರದು. ಉತ್ತರ ಗೊತ್ತಿರುವ ಪ್ರಶ್ನೆ ಕೇಳಬಾರದು. ಕತೆಗೆ ಬೇಜಾರಾಗುತ್ತೆ ಅಂತ ಹೆದರಬಾರದು.

ಎಂಥೆಂಥ ಪ್ರಶ್ನೆಗಳು ಬಂದವು! “ಬಡವರ ಮಕ್ಕಳು ಕತೇಲಿ ಯಾವಾಗ್ಲೂ ಫಸ್ಟೇ ಯಾಕೆ ಬರ್ತಾರೆ? ನಾನೂ ಬಡವನೇ, ನಂಗೆ ಹನ್ನೊಂದು ಮಾರ್ಕ್ಸು.” “ನರಿಗೆ, ಕಾಗೆಗೆ, ಮರಕ್ಕೆ ಎಲ್ಲಾ ಮಾತು ಬರ್ತದೆ. ಮನೆ ಕೆಲಸದೋಳಿಗೆ ಒಂದು ಮಾತೂ ಇಲ್ಲ.” “ಮಲತಾಯಿ ಕೆಟ್ಟೋಳಾದ್ರೆ ಅಪ್ಪ ಎಲ್ಲಿಗೆ ಹೋಗಿದ್ದ?” “ಹಳ್ಳೀಲಿ ಎಲ್ಲಾ ಒಳ್ಳೇವ್ರೇ ಅಂತ ಬರ್ದೋರು ನಮ್ಮ ಹಳ್ಳಿಗೆ ಬಂದಿದ್ರಾ?”

ನಾನು ಓದಿದ ಕಾಲೇಜಿನಲ್ಲಿ ವಿಮರ್ಶೆ ಅಂತ ಒಂದು ವಿಷಯವೇ ಇತ್ತು. ಈ ಚೀಟಿಗಳಲ್ಲಿದ್ದಷ್ಟು ವಿಮರ್ಶೆ ನನಗೆ ಅದರಲ್ಲಿ ಸಿಕ್ಕಿರಲಿಲ್ಲ. ಬರಬರುತ್ತಾ ಈ ಚೀಟಿಯಿಂದ ನನಗೊಂದು ಹೆಸರೂ ಬಂತು. ಶಿಕ್ಷಕರ ತರಬೇತಿಗಳಿಗೆ ಕರೆಯುವುದಕ್ಕೆ ಶುರು ಮಾಡಿದರು. ಮೈಕು ಹಿಡಿದು ಹೇಳುತ್ತಿದ್ದೆ: “ಮಕ್ಕಳ ಪುಸ್ತಕದಲ್ಲಿ ತಾಯಂದಿರು ಯಾಕೆ ಇಷ್ಟು ಬೇಗ ಸಾಯ್ತಾರೆ, ಯೋಚನೆ ಮಾಡಿ. ತಾಯಿ ಇದ್ದರೆ ಮಗೂನ ಕಷ್ಟ ಪಡೋಕೆ ಬಿಡಲ್ಲ. ಕಷ್ಟ ಇಲ್ಲದಿದ್ದರೆ ಕತೆ ನಡೆಯಲ್ಲ. ಅದಕ್ಕೇ ಕತೆಗಾರರು ಮೊದಲು ತಾಯಿಯನ್ನು ದಾರಿಯಿಂದ ತೆಗೀತಾರೆ.” ಮೇಷ್ಟ್ರುಗಳು ತಲೆಯಾಡಿಸಿ ಬರೆದುಕೊಳ್ಳುತ್ತಿದ್ದರು. ಇದನ್ನು ಹೇಳುತ್ತಿದ್ದ ಕಾಲದಲ್ಲೇ ನಾನು ನನ್ನ ಪುಸ್ತಕ ಬರೆಯುತ್ತಿದ್ದೆ.

ಮೊದಲ ಪ್ರತಿಯಲ್ಲಿ ಅಮ್ಮ ಬದುಕಿದ್ದಳು. ಇದನ್ನು ಯಾರಿಗೂ ಹೇಳಿರಲಿಲ್ಲ, ಈಗ ಹೇಳುತ್ತಿದ್ದೇನೆ. ಬೇಸಿಗೆ ರಜೆಯಲ್ಲಿ ಬರೆಯುವುದಕ್ಕೆ ಕೂತೆ. ಎರಡು ಅಧ್ಯಾಯ ಸರಾಗವಾಗಿ ಹೋಯಿತು. ಮೂರನೆಯದರಲ್ಲಿ ನಾಯಕಿ ಕಾಲೇಜು ಸೇರಬೇಕು. ಅಲ್ಲಿ ನಿಂತುಬಿಟ್ಟೆ.

ನಿಜದಲ್ಲಿ ನಡೆದದ್ದು ಹೀಗೆ. ಕೋಲಾರದ ಆ ಕಾಲೇಜಿಗೆ ಅರ್ಜಿ ಹಾಕುವ ಕೊನೆಯ ದಿನ, ನಮ್ಮ ಬಸ್ಸು ಕೆಟ್ಟು ನಿಂತು, ನಾವು ಆಫೀಸು ತಲುಪುವ ಹೊತ್ತಿಗೆ ಗುಮಾಸ್ತರು ಕಿಟಕಿ ಹಾಕುತ್ತಿದ್ದರು. “ಟೈಮ್ ಆಯ್ತು, ದಿನ ಮುಗೀತು” ಅಂದರು. ನಾನು ಅಳುತ್ತಾ ಹಿಂದಕ್ಕೆ ತಿರುಗಿದೆ. ಅಮ್ಮ ತಿರುಗಲಿಲ್ಲ. ಕಿಟಕಿಯ ಸಂದಿಗೆ ಕೈ ಕೊಟ್ಟು, ತೆಲುಗೂ ಕನ್ನಡವೂ ಒಂದೇ ಉಸಿರಿನಲ್ಲಿ, “ಏಮಯ್ಯಾ! ಸೂರ್ಯ ಇನ್ನಾ ಅಲ್ಲೇ ಅವ್ನೆ, ನೀನ್ ದಿನ ಮುಗೀತು ಅಂತೀಯಾ? ಅವ್ನಿಗಿಂತ ದೊಡ್ಡೋನಾ ನೀನು? ತೆಗೀ ಕಿಟ್ಕಿ!” ಅಂದಳು. ಅದರ ಹಿಂದೆ ಇನ್ನೂ ನಾಲ್ಕು ಮಾತು ಬಂದವು, ಇಲ್ಲಿ ಬರೆಯುವಂಥವಲ್ಲ. ಸಾಲಿನಲ್ಲಿದ್ದ ಹುಡುಗಿಯರು ಬಾಯಿಗೆ ದುಪಟ್ಟಾ ಅಡ್ಡ ಹಿಡಿದು ನಕ್ಕರು. ಗುಮಾಸ್ತರೂ ಕೊನೆಗೆ ನಕ್ಕು ಅರ್ಜಿ ತಗೊಂಡರು. ನಾನು ಡಿಗ್ರಿ ಮಾಡಿದ್ದು ಆ ಕೈಯಿಂದ. ಆದರೆ ಆವತ್ತು ನನಗೆ ಅನ್ನಿಸಿದ್ದು ಒಂದೇ. ಭೂಮಿ ಬಾಯಿ ಬಿಡಬಾರದಾ.

ಈ ಪ್ರಸಂಗ ಬರೆಯಬೇಕಾದರೆ ಅಮ್ಮ ಮಾತಾಡಬೇಕು. ಅವಳ ಮಾತನ್ನು ಹಾಗೇ ಬರೆದರೆ ಅರ್ಧ ತೆಲುಗು, ಅರ್ಧ ಬೈಗುಳ. ಕನ್ನಡ ಟೀಚರು ಬರೆದ ಕನ್ನಡ ಮಕ್ಕಳ ಪುಸ್ತಕದಲ್ಲಿ ಇದು ಹೇಗೆ ಕೂರುತ್ತೆ? ಅವಳ ಮಾತನ್ನು ಅಚ್ಚಗನ್ನಡಕ್ಕೆ ತಿರುಗಿಸಿ ನೋಡಿದೆ. “ಸ್ವಾಮಿ, ಸೂರ್ಯ ಇನ್ನೂ ಮುಳುಗಿಲ್ಲವಲ್ಲ” ಅಂತ ಬರೆದೆ. ಯಾರೋ ಪಕ್ಕದ ಮನೆಯ ಗೌರಮ್ಮ ಬಂದು ಮಾತಾಡಿದ ಹಾಗಾಯಿತು. ಮೂರು ದಿನ ಹೆಣಗಿದೆ. ನಾಲ್ಕನೇ ದಿನ ಬೆಳಗ್ಗೆ ಅಮ್ಮನಿಗೆ ಜ್ವರ ಬರಿಸಿದೆ. ಒಂದೂವರೆ ಪುಟದಲ್ಲಿ ಮುಗಿಸಿದೆ. ಸಾಯುವ ಮೊದಲು ಅವಳ ಬಾಯಿಂದ, “ಮಗಳೇ, ಇನ್ನು ಮುಂದೆ ವಿದ್ಯೆಯೇ ನಿನ್ನ ತಾಯಿ ಎಂದು ತಿಳಿ” ಎಂದು ಹೇಳಿಸಿದೆ. ಕಾಲೇಜಿನ ಕಿಟಕಿ ತೆಗೆಸುವುದಕ್ಕೆ ಒಬ್ಬ ಕರುಣಾಳು ಮೇಷ್ಟ್ರನ್ನು ಕರೆತಂದೆ. ನಾಯಕಿಯನ್ನು ಬೀದಿ ದೀಪದ ಕೆಳಗೆ ಓದಿಸಿದೆ. ನಮ್ಮೂರಲ್ಲಿ ಆಗ ಬೀದಿ ದೀಪವೇ ಇರಲಿಲ್ಲ. ಬರವಣಿಗೆ ಬೆಣ್ಣೆಯ ಹಾಗೆ ಹೋಯಿತು. ಯಾರೂ ನನಗೆ ಹಾಗೆ ಬರಿ ಅಂತ ಹೇಳಿರಲಿಲ್ಲ. ಪ್ರಕಾಶಕರು ಕೂಡ ಹೇಳಲಿಲ್ಲ. ಅವರು ಹಿಂದಿನ ರಟ್ಟಿಗೆ ‘ನಿಜವಾದ ಕತೆ’ ಅಂತ ಹಾಕೋಣವಾ ಮೇಡಂ ಅಂತ ಕೇಳಿದಾಗ ಹಾಕಿ ಅಂದವಳೂ ನಾನೇ.

ಅಮ್ಮನಿಗೆ ಓದು ಬರುವುದಿಲ್ಲ. ಅದು ನನಗೆ ಗೊತ್ತಿತ್ತು. ಗೊತ್ತಿದ್ದದ್ದರಿಂದಲೇ ಬರೆದೆ. ಈ ಮಾತು ಬರೆಯುವಾಗ ಕೈ ತಡೆಯುತ್ತದೆ, ಆದರೂ ಅದೇ ನಿಜ. ಪುಸ್ತಕ ಬಂದ ದಿನ, “ಏನೈತೆ ಇದ್ರಲ್ಲಿ?” ಅಂತ ಕೇಳಿದಳು. “ನಮ್ಮ ಕತೆ ಕಣಮ್ಮ. ನಿನ್ನ ಬಗ್ಗೆ ಬರ್ದಿದೀನಿ” ಅಂದೆ. ಅವಳು ಪುಸ್ತಕವನ್ನು ತಿರುಗಿಸಿ ಮುರುಗಿಸಿ ನೋಡಿ, “ನನ್ ಬಗ್ಗೆ ಇಷ್ಟುದ್ದ ಏನಿದ್ದಾತು!” ಅಂತ ನಾಚಿಕೊಂಡಳು. ಮಾರನೇ ದಿನದಿಂದ ಮಂಡಿಯಲ್ಲೆಲ್ಲ ಅದೇ ಸುದ್ದಿ. ಲಾರಿ ಡ್ರೈವರುಗಳಿಗೂ ಹೇಳಿದ್ದಾಳಂತೆ, “ನಮ್ ಪಾಪ ನನ್ ಮೇಲೆ ಬುಕ್ಕು ಬರ್ದವ್ಳೆ” ಅಂತ. ಎರಡು ವರ್ಷ ಹೀಗೆ ಹೇಳಿಕೊಂಡು ತಿರುಗಿದಳು. ಎರಡು ವರ್ಷ ನಾನು ಬಾಯಿ ಬಿಡಲಿಲ್ಲ. ನನಗಿದ್ದ ಭಯ ಒಂದೇ. ಯಾವತ್ತಾದರೂ, ಯಾರಾದರೂ, ಆ ಮೂರನೇ ಅಧ್ಯಾಯವನ್ನು ಅವಳಿಗೆ ಓದಿ ಹೇಳಿಬಿಟ್ಟರೆ?

ಹೋದ ವರ್ಷ ಶಾಲೆಯ ಗ್ರಂಥಾಲಯಕ್ಕೆ ಬಂದ ಪುಸ್ತಕಗಳಲ್ಲಿ ನನ್ನದೂ ಇತ್ತು. ಬೇಡ ಅನ್ನುವಷ್ಟು ಬುದ್ಧಿ ಇರಲಿಲ್ಲ, ಹೆಮ್ಮೆ ಇತ್ತು. ಒಂಬತ್ತನೇ ತರಗತಿಗೆ ಓದುವುದಕ್ಕೆ ಕೊಟ್ಟು, ಮುಂದಿನ ವಾರ ಡಬ್ಬ ಬಿಚ್ಚಿದೆ. “ಮಿಸ್ ಸೂಪರ್” ಅಂತ ನಾಲ್ಕೈದು ಚೀಟಿ. ಪ್ರಶ್ನೆ ಅಲ್ಲ ಅದು ಅಂತ ನಗುತ್ತಾ ಪಕ್ಕಕ್ಕಿಟ್ಟೆ. ಆಮೇಲೆ ಒಂದು ಚೀಟಿ ಕೈಗೆ ಬಂತು. “ಅಮ್ಮ ಬದುಕಿದ್ದಿದ್ರೆ ಈ ಕತೆಗೆ ಏನು ತೊಂದ್ರೆ ಆಗ್ತಿತ್ತು?”

ಹೆಸರಿರಲಿಲ್ಲ. ಆದರೆ ಕೈಬರಹ ಗೊತ್ತಿತ್ತು. ಬರೆದ ಹುಡುಗಿಯ ತಂದೆ ಹಾಸಿಗೆ, ದಿಂಬು ಹೊಲಿಯುವವರು. ಮನೆಯಲ್ಲಿ ದಖನಿ ಉರ್ದು ಮಾತು. ತರಗತಿಯಲ್ಲಿ ಚೀಟಿಯ ಅರ್ಥವನ್ನು ನನಗಿಂತ ಚೆನ್ನಾಗಿ ತಿಳಿದುಕೊಂಡ ಹುಡುಗಿ. ಹಿಂದೊಮ್ಮೆ, “ಕತೆ ಬುಕ್ಕಲ್ಲಿ ಯಾರ ಮನೇಲೂ ಬೇರೆ ಮಾತು ಯಾಕೆ ಆಡಲ್ಲ ಮಿಸ್?” ಅಂತ ಬರೆದಿದ್ದಳು. ಅದನ್ನು ನಾನು ಎರಡು ತರಬೇತಿಗಳಲ್ಲಿ ಓದಿ ಚಪ್ಪಾಳೆ ತಗೊಂಡಿದ್ದೆ.

ಚೀಟಿ ಮಡಚಿಟ್ಟು ಮುಂದಕ್ಕೆ ಹೋಗೋಣ ಅಂದುಕೊಂಡೆ. ಅವಳೇ ಎದ್ದು ನಿಂತಳು.

“ಮಿಸ್, ಅದು ನಂದೇ. ಹಿಂದೆ ನಿಜವಾದ ಕತೆ ಅಂತ ಹಾಕೈತೆ.”

“ಹೌದು.”

“ನಿಮ್ಮಮ್ಮ ಹೋದ ವಾರ ಡಬ್ಬಿ ತಂದ್ಕೊಟ್ರಲ್ಲಾ ಮಿಸ್?”

ತರಗತಿ ಗೊಳ್ಳೆಂದಿತು. ಅಮ್ಮ ಬಂದದ್ದು ಎಲ್ಲರಿಗೂ ನೆನಪಿತ್ತು. ನಾನು ಮರೆತು ಬಂದ ಊಟದ ಡಬ್ಬಿ ಹಿಡಿದುಕೊಂಡು ಬಸ್ಸು ಹತ್ತಿ ಬಂದವಳು, ಬಾಗಿಲಲ್ಲೇ ನಿಂತು ಮಕ್ಕಳಿಗೆಲ್ಲ ನನ್ನ ಬಾಲ್ಯದ ಸಿಂಬಳದ ಕತೆ ಹೇಳಿ ನಗಿಸಿ ಹೋಗಿದ್ದಳು. ಹಿಂದಿನ ಬೆಂಚಿನಿಂದ ಯಾರೋ, “ದೆವ್ವ ಡಬ್ಬಿ ತಂದಿತ್ತು ಕಣೇ!” ಅಂದರು. ಮತ್ತೆ ನಗು.

ನಾನು ಆಗ ನಕ್ಕಿದ್ದರೆ ಮುಗಿದುಹೋಗುತ್ತಿತ್ತು. ಒಳ್ಳೆ ಪ್ರಶ್ನೆ, ನನಗೂ ಉತ್ತರ ಗೊತ್ತಿಲ್ಲ ಅಂದಿದ್ದರೂ ಸಾಕಿತ್ತು. ಬೇರೆಯವರ ಪುಸ್ತಕದ ಬಗ್ಗೆ ನೂರು ಸಲ ಹಾಗೆ ಅಂದಿದ್ದೇನೆ. ಆದರೆ ನನ್ನ ಕಿವಿ ಬಿಸಿಯಾಗಿತ್ತು. “ಸಾಹಿತ್ಯ ಅಂದ್ರೆ ಕಲ್ಪನೆ. ಅದೆಲ್ಲ ನಿಂಗೆ ಅರ್ಥ ಆಗ್ಬೇಕಾದ್ರೆ ಮೊದ್ಲು ಮನೇಲಿ ಕನ್ನಡ ಮಾತಾಡೋದು ಕಲಿ. ಕೂತ್ಕೋ” ಅಂದೆ.

ಕೂತಳು. ಅಳಲಿಲ್ಲ. ಪುಸ್ತಕವನ್ನು ಮುಚ್ಚಿ ಬೆಂಚಿನ ಅಂಚಿಗೆ ಸರಿಯಾಗಿ ಜೋಡಿಸಿಟ್ಟಳು. ಮನೆಯಲ್ಲಿ ತೆಲುಗು ಮಾತಾಡಿಕೊಂಡು ಬೆಳೆದ ನಾನು, ಮನೆಯಲ್ಲಿ ದಖನಿ ಮಾತಾಡುವ ಹುಡುಗಿಗೆ ಈ ಮಾತು ಅಂದೆ.

ಅದಾಗಿ ಒಂದು ತಿಂಗಳಿಗೆ ಕೋಲಾರದಲ್ಲಿ ಮಕ್ಕಳ ಸಾಹಿತ್ಯದ ಬಗ್ಗೆ ಒಂದು ದಿನದ ಕಾರ್ಯಕ್ರಮ. ಮಕ್ಕಳ ಪುಸ್ತಕಗಳ ವಸ್ತುವಿನ ಬಗ್ಗೆ ಏನೇನು ಪ್ರಶ್ನೆ ಕೇಳಬೇಕು ಅನ್ನುವುದು ನನ್ನ ವಿಷಯ. ಮಕ್ಕಳನ್ನೂ ಕರೆತನ್ನಿ, ನಿಮ್ಮ ಪುಸ್ತಕದ ಮೇಲೇ ಅವರು ಪ್ರಶ್ನೆ ಕೇಳಲಿ ಅಂದರು. ನಾಲ್ಕು ಮಕ್ಕಳನ್ನು ಆರಿಸಿದೆ. ಆ ಹುಡುಗಿಯನ್ನು ಬಿಡುವ ಹಾಗಿರಲಿಲ್ಲ, ಬಿಟ್ಟರೆ ಯಾಕೆ ಅಂತ ಎಲ್ಲರೂ ಕೇಳುತ್ತಿದ್ದರು. ಈ ಸುದ್ದಿ ಅಮ್ಮನಿಗೆ ತಿಳಿದು, “ನನ್ ಬುಕ್ಕಿನ ಫಂಕ್ಷನ್ನಿಗೆ ನಾನು ಬರ್ದಿದ್ರೆ ಹೆಂಗೆ?” ಅಂತ ಹೊರಟು ನಿಂತಳು. ಬಿಸಿಲು ಅಂದೆ, ಮೈಕಿನ ಗಲಾಟೆ ಅಂದೆ, ಊಟ ಸರಿ ಇರಲ್ಲ ಅಂದೆ. “ಮಂಡೀಲಿ ನೆರಳೈತಾ?” ಅಂದಳು.

ಹಿಂದಿನ ದಿನ ಶಾಲೆಯಲ್ಲಿ ಆ ಹುಡುಗಿಯನ್ನು ಸ್ಟಾಫ್ ರೂಮಿಗೆ ಕರೆದು, ನನ್ನ ಕೈಯಲ್ಲೇ ಬರೆದ ಒಂದು ಚೀಟಿ ಕೊಟ್ಟೆ. ‘ಈ ಕತೆಯಿಂದ ನಾವು ಕಲಿಯಬೇಕಾದ ಸಂದೇಶವೇನು?’

“ನಾಳೆ ಇದ್ನೇ ಕೇಳು. ಆಯ್ತಾ?”

ಓದಿಕೊಂಡಳು. “ಇದಕ್ಕೆ ಉತ್ತರ ಗೊತ್ತಲ್ಲಾ ಮಿಸ್? ಉತ್ತರ ಗೊತ್ತಿರೋದು ಕೇಳ್ಬಾರ್ದು ಅಂತ ನೀವೇ...”

“ನಾಳೆ ಒಂದಿನ.”

“ನಿಮ್ಮಮ್ಮಾನೂ ಬರ್ತಾರಾ ಮಿಸ್?”

“ಬರ್ತಾರೆ.”

ಅವಳು ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿದಳು. ಅಷ್ಟೇ. “ಸರಿ ಮಿಸ್” ಅಂದಳು. ಅವಳಿಗೆ ಎಲ್ಲಾ ಅರ್ಥವಾಗಿತ್ತು ಅಂತ ನನಗೂ ಅರ್ಥವಾಯಿತು.

ಸಭೆಯಲ್ಲಿ ಅಮ್ಮ ಎರಡನೇ ಸಾಲಿನಲ್ಲಿ ಕೂತಳು, ಪಕ್ಕದಲ್ಲಿ ನಮ್ಮ ನಾಲ್ಕು ಮಕ್ಕಳು. ನಾನು ಹೆದರಿದ್ದು ಹುಡುಗಿಯ ಪ್ರಶ್ನೆಗೆ. ಪೆಟ್ಟು ಬಿದ್ದದ್ದು ಬೇರೆ ಕಡೆಯಿಂದ. ಕಾರ್ಯಕ್ರಮ ನಡೆಸಿಕೊಡುತ್ತಿದ್ದ ನಿವೃತ್ತ ಮೇಷ್ಟ್ರು, ನಾನು ಮಾತಾಡುವ ಮೊದಲು ಪುಸ್ತಕದ ಒಂದು ಭಾಗ ಓದುತ್ತೇನೆ ಅಂತ ಎದ್ದರು. ಕನ್ನಡಕ ಹಾಕಿಕೊಂಡು ನೇರ ಮೂರನೇ ಅಧ್ಯಾಯ ತೆಗೆದರು. ಅವರ ಕಂಠ ಬಹಳ ಚೆನ್ನಾಗಿತ್ತು. ಜ್ವರ ಏರಿತು. ಮಗಳು ಹಣೆಗೆ ಒದ್ದೆ ಬಟ್ಟೆ ಇಟ್ಟಳು. ‘ಇನ್ನು ಮುಂದೆ ವಿದ್ಯೆಯೇ ನಿನ್ನ ತಾಯಿ’ ಅನ್ನುವಾಗ ಅವರ ದನಿ ನಡುಗಿತು. ಸಭೆಯಲ್ಲಿದ್ದ ಟೀಚರುಗಳು ಕರ್ಚೀಫು ತೆಗೆದರು.

ವೇದಿಕೆಯಿಂದ ನಾನು ಅಮ್ಮನನ್ನೇ ನೋಡುತ್ತಿದ್ದೆ. ಅಮ್ಮ ಅಳುತ್ತಿದ್ದಳು. ಸೆರಗು ಬಾಯಿಗೆ ಒತ್ತಿಕೊಂಡು, ತಲೆ ಆಡಿಸುತ್ತಾ, ಪಕ್ಕದಲ್ಲಿದ್ದ ಹುಡುಗಿಯ ಕೈ ಹಿಡಿದುಕೊಂಡು ಅಳುತ್ತಿದ್ದಳು. ಅವಳು ಯಾರಿಗಾಗಿ ಅಳುತ್ತಿದ್ದಾಳೆ ಅನ್ನುವುದು ಆ ಸಭೆಯಲ್ಲಿ ಇಬ್ಬರಿಗೆ ಗೊತ್ತಿತ್ತು. ನನಗೆ ಮತ್ತು ಕೈ ಕೊಟ್ಟು ಕೂತಿದ್ದ ಆ ಹುಡುಗಿಗೆ.

ನನ್ನ ಭಾಷಣ ಮುಗಿಯಿತು. ಏನು ಹೇಳಿದೆನೋ, ತಾಯಂದಿರ ಸಾವಿನ ಭಾಗವನ್ನಂತೂ ಹಾರಿಸಿದೆ. ಮಕ್ಕಳ ಪ್ರಶ್ನೆಯ ಹೊತ್ತು ಬಂತು. ಅವಳ ಸರದಿ. ಎದ್ದು ನಿಂತಳು. ಒಂದು ಸಲ ಅಮ್ಮನ ಕಡೆ ನೋಡಿದಳು, ಒಂದು ಸಲ ನನ್ನ ಕಡೆ. ಕೈಯಲ್ಲಿದ್ದ ಚೀಟಿಯನ್ನು ನೋಡದೆ, ಒಂದಕ್ಷರ ತಪ್ಪದೆ ಕೇಳಿದಳು. “ಈ ಕತೆಯಿಂದ ನಾವು ಕಲಿಯಬೇಕಾದ ಸಂದೇಶವೇನು?”

ಚಪ್ಪಾಳೆ ಬಿತ್ತು. “ಎಷ್ಟು ಶುದ್ಧವಾಗಿ ಕನ್ನಡ ಮಾತಾಡ್ತಾಳೆ ನೋಡಿ ಈ ಮಗು!” ಅಂತ ಆ ಮೇಷ್ಟ್ರು ಮೈಕಿನಲ್ಲೇ ಹೇಳಿದರು. ಅವಳು ಕೂತಾಗ ಅಮ್ಮ ಅವಳ ತಲೆ ಸವರಿ ನೆಟಿಕೆ ಮುರಿದಳು. ನಾನು ಸಂದೇಶ ಹೇಳಿದೆ. ಪರಿಶ್ರಮ, ಛಲ, ವಿದ್ಯೆ. ನೀತಿ ಅಂತ ಬರೆದು ಕೆಳಗೆ ಗೆರೆ ಎಳೆಯುವುದೊಂದು ಬಾಕಿ ಇತ್ತು.

ಸಂಜೆ ಮಕ್ಕಳನ್ನು ನಮ್ಮ ಶಾಲೆಯ ಇನ್ನೊಬ್ಬ ಟೀಚರು ಶ್ರೀನಿವಾಸಪುರದ ಬಸ್ಸು ಹತ್ತಿಸಿಕೊಂಡು ಹೋದರು. ನಾನೂ ಅಮ್ಮನೂ ಮುಳಬಾಗಿಲಿನ ಬಸ್ಸಿನಲ್ಲಿ ಕೂತೆವು. ಬಸ್ಸು ಊರು ಬಿಟ್ಟ ಮೇಲೆ ಅಮ್ಮ ಕೇಳಿದಳು.

“ಪಾಪ ಕಣೇ, ಆಯಮ್ಮ. ಯಾವೂರೋಳು?”

“ಯಾರು?”

“ಅದೇ, ಆಯಪ್ಪ ಓದ್ದನಲ್ಲ, ಜ್ವರ ಬಂದು ಸತ್ತೋದ್ಲಲ್ಲ. ಚಿಕ್ಕ ಮಗು ಬಿಟ್ಬಿಟ್ಟು. ಎಷ್ಟು ಚೆನ್ನಾಗಿ ಮಾತಾಡಿದ್ಲು ಸಾಯೋ ಟೈಮಲ್ಲೂ.”

“ಅದು ಕತೆಯಮ್ಮ.”

“ಕತೆ ಅಂತ ಗೊತ್ತಮ್ಮಾ. ನಾನೆಲ್ಲಿ ಬರ್ತೀನಿ? ನನ್ದು ಓದ್ಲೇ ಇಲ್ಲ ಆಯಪ್ಪ.”

ಹೇಳದೇ ಇರಬಹುದಾಗಿತ್ತು. ಮುಂದೆ ಬರ್ತದಮ್ಮ ಅಂದಿದ್ದರೆ ನಂಬುತ್ತಿದ್ದಳು, ಅವಳು ಓದುವುದಿಲ್ಲವಲ್ಲ. ನಾಲಿಗೆಯ ತುದಿಗೆ ಆ ಮಾತು ಬಂದಿತ್ತು. ಅಷ್ಟರಲ್ಲಿ ಅವಳು ಆ ಹುಡುಗಿಯ ಮಾತು ತೆಗೆದಳು. “ಆ ಸಾಬ್ರ ಹುಡ್ಗಿ ಒಳ್ಳೇದು ಕಣೇ. ನಾನ್ ಅಳ್ತಾ ಇದ್ರೆ ಕಿವೀಲಿ ಹೇಳ್ತಾಳೆ, ಅಳ್ಬೇಡಿ ಅಜ್ಜಿ, ಆಯಮ್ಮ ಸತ್ತಿಲ್ಲ, ಸುಳ್ಳು ಬರ್ದವ್ರೆ, ಅಂತ.”

“ಅಮ್ಮ, ಅದು ನೀನೇ” ಅಂದೆ.

“ಯಾವ್ದು?”

“ಸತ್ತೋಳು.”

ಅಮ್ಮ ತಿರುಗಿ ನೋಡಿದಳು. ಮುಂದಿನ ಸೀಟಿನ ಹೆಂಗಸೂ ತಿರುಗಿ ನೋಡಿದಳು.

“ಏಮೇ! ನನ್ನು ಸಂಪೇಸ್ತಿವಾ?” ಅಂತ ತೆಲುಗಿನಲ್ಲಿ ಕೂಗಿದಳು. ಆಮೇಲೆ ಬಸ್ಸಿಗೆಲ್ಲಾ ತಿಳಿಯಲಿ ಅನ್ನುವ ಹಾಗೆ ಕನ್ನಡದಲ್ಲಿ, “ನನ್ನೇ ಸಾಯ್ಸಿದೀಯಾ? ಅದೂ ಜ್ವರಕ್ಕಾ? ಲೇ, ನಿಮ್ಮಪ್ಪ ಹೋದಾಗ ಸಾಯ್ಲಿಲ್ಲ, ಹಾವು ಕಚ್ದಾಗ ಸಾಯ್ಲಿಲ್ಲ, ಒಂದ್ ಜ್ವರಕ್ಕೆ ಸಾಯ್ತೀನಾ ನಾನು? ಇನ್ನೇನೂ ಸಿಗ್ಲಿಲ್ವಾ ನಿಂಗೆ?” ಅಂದಳು. ಕಂಡಕ್ಟರು, “ಏನಜ್ಜಿ, ಯಾರ್ ಸತ್ರು?” ಅಂದ. “ನಾನೇ ಕಣಪ್ಪ. ಎರಡು ವರ್ಷ ಆಯ್ತಂತೆ, ನಂಗೆ ಇವತ್ತು ಸುದ್ದಿ ಬಂತು” ಅಂದಳು. ಬಸ್ಸು ನಕ್ಕಿತು. ಅವಳೂ ನಕ್ಕಳು. ಆ ನಗು ನಿಂತ ಮೇಲೆ ಮುಳಬಾಗಿಲು ಬರುವವರೆಗೆ ಕಿಟಕಿಯ ಕಡೆ ಮುಖ ಮಾಡಿ ಕೂತಳು. ಇಳಿಯುವಾಗ ನಾನು ಕೈ ಕೊಟ್ಟೆ. ಕಂಬಿ ಹಿಡಿದುಕೊಂಡು ಇಳಿದಳು.

ಮಂಡಿಯಲ್ಲಿ ಈಗ ಅದನ್ನೇ ತಮಾಷೆ ಮಾಡಿಕೊಂಡಿದ್ದಾಳೆ. ಬೆಳಗ್ಗೆ ಅವಳು ಹೋದ ಕೂಡಲೇ, “ಸತ್ತೋಳು ಬಂದ್ಲು, ಜಾಗ ಬಿಡ್ರೇ” ಅಂತ ಜೊತೆಯ ಹೆಂಗಸರು ಕೂಗುತ್ತಾರಂತೆ. ಇವಳು, “ತಿಥಿ ಊಟ ಯಾವಾಗ ಹಾಕ್ತೀರ್ರೇ?” ಅನ್ನುತ್ತಾಳಂತೆ. ಇದನ್ನೆಲ್ಲ ಅವಳೇ ನನಗೆ ಬಂದು ಹೇಳುತ್ತಾಳೆ. ಆದರೆ ‘ನಮ್ ಪಾಪ ನನ್ ಮೇಲೆ ಬುಕ್ಕು ಬರ್ದವ್ಳೆ’ ಅನ್ನುವ ಮಾತು ಆವತ್ತಿನಿಂದ ಅವಳ ಬಾಯಲ್ಲಿ ನಾನು ಕೇಳಿಲ್ಲ.

ಸೋಮವಾರ ತರಗತಿಯಲ್ಲಿ ಎಲ್ಲರ ಎದುರಿಗೆ ಹೇಳಿದೆ. ನಮ್ಮಮ್ಮ ಸತ್ತಿಲ್ಲ, ನಮ್ಮ ಮನೆ ಮಾತು ತೆಲುಗು, ಆ ಮಾತನ್ನು ಪುಸ್ತಕದಲ್ಲಿ ಬರೆಯೋಕೆ ನಾಚಿಕೆಯಾಗಿ ನಾನು ಅವಳನ್ನು ಸಾಯಿಸಿದೆ, ಅವತ್ತು ಆ ಹುಡುಗಿಗೆ ಅಂದದ್ದು ತಪ್ಪು ಅಂದೆ. ಹಿಂದಿನ ಬೆಂಚಿನಿಂದ, “ಗೊತ್ತು ಮಿಸ್” ಅಂತ ಬಂತು, ನಾನು ಅವರಿಗೆ ಹಳೇ ಪಾಠ ಮಾಡಿದ ಹಾಗೆ. ಹುಡುಗಿ ಎದ್ದು ನಿಂತು, “ಪರವಾಗಿಲ್ಲ ಮಿಸ್” ಅಂದಳು. ಕೋಲಾರದಲ್ಲಿ ಮಾತಾಡಿದ ಅದೇ ಶುದ್ಧ ಕನ್ನಡ. ಆಮೇಲಿನ ವಾರಗಳಲ್ಲೂ ಚೀಟಿ ಹಾಕುತ್ತಿದ್ದಾಳೆ, ನೀಟಾಗಿ ಬರೆಯುತ್ತಾಳೆ. ಲೇಖಕರ ಉದ್ದೇಶವೇನು, ನಿಮಗೆ ಮೆಚ್ಚುಗೆಯಾದ ಪಾತ್ರ ಯಾವುದು. ಯಾವ ಪ್ರಶ್ನೆ ಕೇಳಿದರೆ ಚಪ್ಪಾಳೆ ಬೀಳುತ್ತೆ ಅಂತ ಅವಳಿಗೆ ಕಲಿಸಿದವಳು ನಾನೇ. ಅದನ್ನು ಮರೆಸುವುದು ಹೇಗೆ ಅಂತ ಯಾವ ತರಬೇತಿಯಲ್ಲೂ ನನಗೆ ಹೇಳಿಕೊಟ್ಟಿಲ್ಲ. ಅವಳು ಹತ್ತನೇ ತರಗತಿ ಮುಗಿಸಿ ಶಾಲೆ ಬಿಟ್ಟು ಹೋಗುವುದರೊಳಗೆ ಒಂದಾದರೂ ಮೊದಲಿನಂಥ ಚೀಟಿ ಬರಲಿ ಅಂತ ಪ್ರತಿ ವಾರ ಡಬ್ಬ ಬಿಚ್ಚುತ್ತೇನೆ.

ಪ್ರಕಾಶಕರಿಗೆ ಫೋನು ಮಾಡಿದೆ. ಮರುಮುದ್ರಣಕ್ಕೆ ಮೂರನೇ ಅಧ್ಯಾಯ ಬದಲಾಯಿಸುತ್ತೇನೆ ಅಂದೆ. “ಅಯ್ಯೋ ಬೇಡ ಮೇಡಂ, ಅಮ್ಮ ಸಾಯೋದೇ ಆ ಪುಸ್ತಕದ ಜೀವ” ಅಂದರು. ಕಡೇ ಪಕ್ಷ ‘ನಿಜವಾದ ಕತೆ’ ಅನ್ನುವುದನ್ನಾದರೂ ತೆಗೆಯಿರಿ ಅಂದೆ. ಅದಕ್ಕೆ ಒಪ್ಪಿದರು.

ಇಷ್ಟು ಸಾಲದು ಅಂತ ನನಗೆ ಗೊತ್ತಿತ್ತು. ಒಂದು ಭಾನುವಾರ ಮಧ್ಯಾಹ್ನ ನೋಟ್ ಬುಕ್ಕು ಹಿಡಿದುಕೊಂಡು ಅಮ್ಮನ ಎದುರಿಗೆ ಕೂತೆ. ಅವಳು ಅವರೆಕಾಯಿ ಬಿಡಿಸುತ್ತಿದ್ದಳು.

“ಅಮ್ಮ, ಇನ್ನೊಂದು ಪುಸ್ತಕ ಬರೀತೀನಿ. ಇದ್ರಲ್ಲಿ ನೀನು ಬದುಕಿರ್ತೀಯ. ಆ ಗುಮಾಸ್ತನಿಗೆ ಅವತ್ತು ಏನೇನ್ ಅಂದೆ, ಎಲ್ಲಾ ಹೇಳು. ಹಂಗಂಗೇ ಬರೀತೀನಿ.”

“ಹಂಗಂಗೇ ಅಂದ್ರೆ? ನಾನ್ ಬೈದಿದ್ದೂನಾ?”

“ಬೈದಿದ್ದೂ. ತೆಲುಗೂ. ಎಲ್ಲಾ.”

ಅಮ್ಮ ಕೈಯಲ್ಲಿದ್ದ ಕಾಳನ್ನು ಪಾತ್ರೆಗೆ ಹಾಕಿ, ಸಿಪ್ಪೆಯನ್ನು ಪಕ್ಕಕ್ಕಿಟ್ಟಳು.

“ಬ್ಯಾಡಮ್ಮಾ. ಮಕ್ಳು ಓದ್ತಾರೆ. ನನ್ ಮಾತು ಬುಕ್ಕಲ್ಲಿ ಚೆನ್ನಾಗಿರಲ್ಲ.”

“ಯಾರಂದ್ರು ಚೆನ್ನಾಗಿರಲ್ಲ ಅಂತ?”

ಅವಳು ಆಶ್ಚರ್ಯದಿಂದ ನನ್ನ ಮುಖ ನೋಡಿದಳು. ನಾನು ಕಾಲೇಜು ಸೇರಿದ ದಿನದಿಂದ ಬಸ್ಸಿನಲ್ಲಿ, ಆಸ್ಪತ್ರೆಯಲ್ಲಿ, ಮದುವೆ ಮನೆಯಲ್ಲಿ, ಶಾಲೆಯ ಬಾಗಿಲಲ್ಲಿ, ‘ಅಮ್ಮ ಮೆಲ್ಲಗೆ ಮಾತಾಡು, ಅಮ್ಮ ಕನ್ನಡದಲ್ಲಿ ಮಾತಾಡು, ಅಮ್ಮ ನೀನು ಸುಮ್ನಿರು ನಾನು ಹೇಳ್ತೀನಿ’ ಅಂತ ಎಷ್ಟು ಸಲ ಅಂದಿದ್ದೇನೋ ಲೆಕ್ಕವಿಲ್ಲ. ಯಾರಂದರು ಅಂತ ನಾನು ಕೇಳುತ್ತಿದ್ದೆ.

ಅವಳು ಅದನ್ನು ಎತ್ತಿ ಆಡಲಿಲ್ಲ. ಇನ್ನೊಂದು ಕಾಯಿ ತೆಗೆದುಕೊಂಡು ಬಿಡಿಸುತ್ತಾ, ನನ್ನನ್ನು ಸಮಾಧಾನ ಮಾಡುವ ದನಿಯಲ್ಲಿ ಹೇಳಿದಳು:

“ಆ ಸತ್ತೋಳು ಚೆನ್ನಾಗಿ ಮಾತಾಡ್ತಾಳಲ್ಲಮ್ಮಾ. ಅವ್ಳೇ ಇರ್ಲಿ ಬಿಡು.”